ಲಂಡನ್ನಿನ ವೃದ್ಧ ಸಂಗೀತಗಾರರೂ ಮೈಸೂರಿನ ತರುಣ ಅರಸರೂ

ಮೈಸೂರು ಸಂಗೀತದ ಇತಿಹಾಸವನ್ನು ಬರೆಯುವವರು ವೀಣೆಯಿಂದಲೇ ಆರಂಭಿಸುವುದು ವಾಡಿಕೆ. ವೀಣೆ ಶೇಷಣ್ಣನವರು, ಬಿಡಾರಂ ಕೃಷ್ಣಪ್ಪನವರು, ಮೈಸೂರು ವಾಸುದೇವಾಚಾರ್ಯರು, ಪಿಟೀಲು ಚೌಡಯ್ಯನವರು – ಈ ಹೆಸರುಗಳನ್ನು ನನ್ನ ವಿದ್ಯಾರ್ಥಿಗಳಾಗಿದ್ದವರೆಲ್ಲ ತರಗತಿಯಲ್ಲಿ ಕೇಳಿಯೇ ಇದ್ದೀರಿ. ಅದೇ ಅರಮನೆಯಿಂದ ಲಂಡನ್ನಿನವರೆಗೆ ಹರಿದ ಇನ್ನೊಂದು ಸಂಗೀತಧಾರೆಯ ಕಥೆಯನ್ನು ಮಾತ್ರ ನಾವು ಅಷ್ಟಾಗಿ ಹೇಳಿಕೊಂಡವರಲ್ಲ. ಇಂದು ಅದನ್ನು ಬರೆಯಬೇಕೆನಿಸಿದೆ.

ಸಂಗೀತದಲ್ಲಿ ಕೊಡುಕೊಳ್ಳುವಿಕೆ ನಮಗೆ ಹೊಸದಲ್ಲ. ಇಂದು ಕರ್ನಾಟಕ ಸಂಗೀತ ಕಚೇರಿಯ ಅವಿಭಾಜ್ಯ ಅಂಗವಾಗಿರುವ ಪಿಟೀಲು ಪಶ್ಚಿಮದಿಂದ ಬಂದದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಐರೋಪ್ಯ ಗುರುವೊಬ್ಬರಲ್ಲಿ ಕಲಿತು ನಮ್ಮ ರಾಗಗಳಿಗೆ ಒಗ್ಗಿಸಿದರು. ಮುತ್ತುಸ್ವಾಮಿ ದೀಕ್ಷಿತರು ತಾವೇ ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ 'ನೊಟ್ಟುಸ್ವರ'ಗಳನ್ನು ರಚಿಸಿದರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದದ ಜೊತೆಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಬೆಳೆಯಿತು. ಜರ್ಮನಿಯ ಆಟೋ ಸ್ಮಿತ್ ಅದನ್ನು ನಡೆಸಿದರು. ಪ್ರಭುಗಳು ಸ್ವತಃ ವೀಣೆಯನ್ನೂ ಪಿಯಾನೋವನ್ನೂ ನುಡಿಸಬಲ್ಲವರಾಗಿದ್ದರು.

ಈ ವಾತಾವರಣದಲ್ಲಿ ಬೆಳೆದವರು ಅವರ ತಮ್ಮನ ಮಗ ಜಯಚಾಮರಾಜ ಒಡೆಯರು. 1919ರಲ್ಲಿ ಜನಿಸಿದ ಇವರಿಗೆ ಪಿಯಾನೋ ವಾದಕರಾಗಿ ವೇದಿಕೆಯೇರಬೇಕೆಂಬ ಹಂಬಲವಿತ್ತು. ವಿಧಿ ಬೇರೆಯದನ್ನೇ ಬಗೆಯಿತು. 1940ರ ಮಾರ್ಚಿಯಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪನವರಾದ ನಾಲ್ವಡಿಯವರೂ ಅಗಲಿದರು. ಇಪ್ಪತ್ತೊಂದರ ಹರೆಯದಲ್ಲಿ ಸಿಂಹಾಸನವೇರಿದವರಿಗೆ ವೇದಿಕೆಯೇರುವ ಭಾಗ್ಯ ಉಳಿಯಲಿಲ್ಲ. ಆದರೂ ಕಲಿಕೆ ನಿಲ್ಲಲಿಲ್ಲ. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋ ಪದವಿಯನ್ನು ನೀಡಿತು.

ಇನ್ನು ಲಂಡನ್ನಿನತ್ತ ನೋಡೋಣ. ಅಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತ ರಚನಕಾರರು ವಾಸವಾಗಿದ್ದರು. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ಬಳಿಕ 1921ರಲ್ಲಿ ತಾಯ್ನಾಡನ್ನು ತೊರೆದು, ಜರ್ಮನಿ ಫ್ರಾನ್ಸುಗಳನ್ನು ಸುತ್ತಿ ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆ ನಿಂತವರು. ಪ್ರಖ್ಯಾತ ರಾಖ್ಮನಿನೊವ್ ಅವರ ಆಪ್ತಮಿತ್ರರು. ಆದರೆ ಆ ಮಿತ್ರರಿಗಿದ್ದ ಕೀರ್ತಿ ಇವರಿಗೆ ಒಲಿಯಲಿಲ್ಲ. ಕಾಲದ ಹೊಸ ರೀತಿಗಳಿಗೆ ಮಣಿಯದೆ ತಮ್ಮ ಸಂಪ್ರದಾಯವನ್ನೇ ನೆಚ್ಚಿಕೊಂಡಿದ್ದರಿಂದ ಜನ ಅವರನ್ನು ಹಳಬರೆಂದು ಬದಿಗಿಟ್ಟಿದ್ದರು. ಯುದ್ಧ ಬಂದೊಡನೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. 1942ರಲ್ಲಿ ಹೃದಯಾಘಾತವಾಯಿತು.

ಅಂಥ ವ್ಯಕ್ತಿಗೆ ಸಾವಿರಾರು ಮೈಲಿ ದೂರದ, ಒಮ್ಮೆಯೂ ಕಾಣದ ಮೈಸೂರಿನಿಂದ ಸಹಾಯ ಬಂದಿತು. 1946ರಲ್ಲಿ ಜಯಚಾಮರಾಜ ಒಡೆಯರು ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣವೊದಗಿಸಿದರು. ಆಗಿನ ಗ್ರಾಮಾಫೋನ್ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷದ ಸಂಗೀತವಷ್ಟೇ ಹಿಡಿಯುತ್ತಿತ್ತು. ದೊಡ್ಡದೊಂದು ಕೃತಿಗೆ ತಟ್ಟೆಗಳ ಕಟ್ಟೇ ಬೇಕು; ಕೊಳ್ಳುವವರು ವಿರಳ; ಯಾವ ಕಂಪೆನಿ ತಾನಾಗಿ ಮುಂದೆ ಬಂದೀತು? ಅರಸರ ನೆರವಿನಿಂದ ಮೆಟ್ನರ್ ತಮ್ಮ ಮೂರು ಪಿಯಾನೋ ಕಂಚೆರ್ಟೋಗಳನ್ನೂ ಹಲವು ಹಾಡು ಹಾಗೂ ಬಿಡಿ ರಚನೆಗಳನ್ನೂ ಧ್ವನಿಮುದ್ರಿಸಿದರು. ಪಿಯಾನೋ ಮುಂದೆ ಕುಳಿತವರು ಸ್ವತಃ ಅವರೇ. ಕೃತಜ್ಞತೆಯಿಂದ ಮೂರನೆಯ ಕಂಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ನಿಧನರಾದರು. ಆ ಐದು ವರ್ಷಗಳು ಕೈತಪ್ಪಿದ್ದರೆ ಅವರ ಬೆರಳುಗಳ ನಾದದ ಬಹುಭಾಗ ಅವರೊಡನೆಯೇ ಮಣ್ಣಾಗುತ್ತಿತ್ತು.

ಇದೇ ಸಮಯದಲ್ಲಿ ವಾಲ್ಟರ್ ಲೆಗ್ ಎಂಬವರು ಲಂಡನ್ನಿನಲ್ಲಿ 1945ರಲ್ಲಿ ಕಟ್ಟಿದ್ದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೂ ಮೈಸೂರಿನ ಆಸರೆ ದೊರೆಯಿತು. ಅರಮನೆಗೆ ಬಂದು ಕೆಲವು ವಾರ ತಂಗಿದ್ದ ಲೆಗ್, ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷಗಳ ನೆರವಿನ ಭರವಸೆ ದೊರೆತುದನ್ನು ಮುಂದೆ ಸ್ಮರಿಸಿಕೊಂಡಿದ್ದಾರೆ. 1948ರಲ್ಲಿ ಮಹಾರಾಜರು ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕಡೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಹಾಡಲ್ಪಟ್ಟಾಗಲೂ ಅದರ ಬೆನ್ನಿಗೆ ಇವರ ಹಣದ ಭದ್ರತೆ ಇತ್ತು. ಅಂದು ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ರಚಿಸಿದ ಸ್ಟ್ರಾಸ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅದರ ಧ್ವನಿಮುದ್ರಣ ಹಡಗೇರಿ ಮೈಸೂರಿಗೆ ಬಂದಿತು.

ಇಷ್ಟನ್ನು ಓದಿದವರು, ಪ್ರಭುಗಳು ಪಶ್ಚಿಮಕ್ಕೆ ಮಾರುಹೋಗಿ ಮನೆಯ ಸಂಗೀತವನ್ನು ಮರೆತರೇನೋ ಎಂದುಕೊಂಡಾರು. ಹಾಗಾಗಲಿಲ್ಲ. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನೂ, ವಾಸುದೇವಾಚಾರ್ಯರಲ್ಲಿ ಶಾಸ್ತ್ರದ ಸೂಕ್ಷ್ಮಗಳನ್ನೂ ಅಭ್ಯಾಸ ಮಾಡಿ 'ಶ್ರೀವಿದ್ಯಾ' ಎಂಬ ಅಂಕಿತದಲ್ಲಿ ಸಂಸ್ಕೃತದ 94 ಕೃತಿಗಳನ್ನು ರಚಿಸಿದರು. ಅಪರೂಪದ ರಾಗಗಳಿಗೆ ಅಲ್ಲಿ ಮೈದುಂಬಿದೆ. ಎರಡು ಸಂಗೀತಗಳನ್ನು ಕಲಸಿ ಮೂರನೆಯದೊಂದನ್ನು ಮಾಡಲು ಅವರು ಹೊರಡಲಿಲ್ಲ. ಒಂದೊಂದನ್ನೂ ಅದರದೇ ಗುರುಮುಖದಿಂದ, ಅದರದೇ ಶಿಸ್ತಿನಲ್ಲಿ ಅರಿತರು. ಎರಡು ಭಾಷೆಗಳನ್ನು ಬಲ್ಲವನು ಎರಡನ್ನೂ ಶುದ್ಧವಾಗಿ ಆಡುವಂತೆ.

ಇಲ್ಲೊಂದು ಕಹಿಪ್ರಶ್ನೆಯನ್ನೂ ಕೇಳದೆ ಬಿಡುವುದು ಅಧ್ಯಾಪಕನಿಗೆ ತರವಲ್ಲ. ಆ ವರ್ಷಗಳು ನಾಡು ಬಿಡುಗಡೆಗಾಗಿ ತಳಮಳಿಸುತ್ತಿದ್ದ ವರ್ಷಗಳು. 1947ರಲ್ಲಿ ಮೈಸೂರು ಚಲೋ ಚಳವಳಿಗೆ ಜನ ಬೀದಿಗಿಳಿದಿದ್ದರು. ಹಳ್ಳಿಗಳಿಗೆ ಶಾಲೆಗಳಿಲ್ಲದಿದ್ದಾಗ ಲಂಡನ್ನಿನ ವಾದ್ಯವೃಂದಕ್ಕೆ ಹಣವೇಕೆ ಎಂದು ಯಾರಾದರೂ ಕೇಳಿದರೆ ಅದು ತಪ್ಪು ಪ್ರಶ್ನೆಯಲ್ಲ. ಅರಮನೆಯ ಇಪ್ಪತ್ತು ಸಾವಿರದಷ್ಟು ತಟ್ಟೆಗಳ ನಾದ ಕೋಟೆಯ ಗೋಡೆಯನ್ನು ದಾಟಿ ಊರ ಮಕ್ಕಳ ಕಿವಿಗೆ ಬಿದ್ದದ್ದು ಎಷ್ಟು? ವಿದ್ಯೆಯ ವಿನಿಮಯ ಅರಸರಿಂದ ಅರಸಾಳಿಗೆ ಸೀಮಿತವಾದರೆ ಅದು ಉಡುಗೊರೆಯಾದೀತೇ ಹೊರತು ಶಿಕ್ಷಣವಾಗದು.

ಆ ಗೋಡೆಯಲ್ಲಿ ಬಾಗಿಲು ತೆರೆದವರು ಅವರ ತಂಗಿ ವಿಜಯಾದೇವಿಯವರು. ಇವರೂ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತವರು. ಟ್ರಿನಿಟಿಯ ಪರೀಕ್ಷೆಗಳಲ್ಲಿ ತೇರ್ಗಡೆಯಾದವರು. ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಎಡ್ವರ್ಡ್ ಸ್ಟೊಯರ್‌ಮನ್ ಅವರಲ್ಲಿ ಪಿಯಾನೋ ಅಭ್ಯಾಸ ಮಾಡಿದವರು. 1974ರಲ್ಲಿ ಅವರು ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿ, ದೇಶವಿದೇಶಗಳ ಕಲಾವಿದರನ್ನು ನಗರದ ಸಾಮಾನ್ಯ ಶ್ರೋತೃಗಳ ಎದುರಿಗೆ ತಂದು ಕೂರಿಸಿದರು. ಅಣ್ಣನವರು ಕಣ್ಮುಚ್ಚಿದ್ದೂ ಅದೇ 1974ರ ಸೆಪ್ಟೆಂಬರಿನಲ್ಲಿ.

ನಿಮ್ಮಲ್ಲಿ ಹಲವರು ಇಂದು ಹೊರದೇಶಗಳಲ್ಲಿದ್ದೀರಿ. ಮಕ್ಕಳಿಗೆ ಅಲ್ಲಿಯ ಶಾಲೆಯಲ್ಲಿ ಪಿಯಾನೋ, ಮನೆಯಲ್ಲಿ ಸರಳೆ ಜಂಟಿವರಸೆ. ಎರಡು ದೋಣಿಯಲ್ಲಿ ಕಾಲಿಟ್ಟಂತಾಗದೇ ಎಂದು ಕಾಗದ ಬರೆದು ಕೇಳಿದವರೂ ಉಂಟು. ಅವರಿಗೆ ನನ್ನ ಉತ್ತರವಿಷ್ಟೇ: ಎರಡನ್ನೂ ಕಲಿಸಿ, ಆದರೆ ಎರಡಕ್ಕೂ ಗುರುವಿರಲಿ, ಎರಡಕ್ಕೂ ಸಾಧನೆಯ ಹೊತ್ತಿರಲಿ. ಮೈಸೂರಿನ ಪಿಯಾನೋ ಅಲ್ಲಿಯ ವೀಣೆಯನ್ನು ಮೂಕಗೊಳಿಸಲಿಲ್ಲ.