ಗಿಡ ಸೋತಿತಾ, ಜಾಗ ಸೋತಿತಾ?

ಎರಡು ವರ್ಷ ನೀರು ಹಾಕಿದ್ರೂ ಹೂ ಬಿಡದ ಗಿಡ ನಿಮ್ಮನೇಲೂ ಇರತ್ತೆ. ಇಟ್ಕೊಳ್ಳೋದಾ, ಯಾರಿಗಾದ್ರೂ ಕೊಡೋದಾ, ಬಿಸಾಡೋದಾ? ನಮ್ಮೂರಲ್ಲಿ ಈ ಪ್ರಶ್ನೆಗೆ ದೊಡ್ಡ ಚರಿತ್ರೆನೇ ಇದೆ. 👇

1809ರಲ್ಲಿ ಹಲಸೂರಿನ ಪಕ್ಕ ಬ್ರಿಟಿಷರ ದಂಡು ಬಂದು ನೆಲೆಸಿತು. ಅದೇ ನಮ್ಮ ಕಂಟೋನ್ಮೆಂಟ್. ಇಲ್ಲಿ ಪೇಮಾಸ್ಟರ್ ಆಗಿದ್ದ ಮೇಜರ್ ಗಿಲ್ಬರ್ಟ್ ವಾ ಅವರ ಕೈಯಲ್ಲಿ ಹೈದರ್-ಟಿಪ್ಪು ಕಾಲದ ಲಾಲ್‌ಬಾಗ್ ಇತ್ತು. 1819ರಲ್ಲಿ ಅವರು ಇಡೀ ತೋಟವನ್ನೇ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟರು! ಕಲ್ಕತ್ತೆಯ ಸಸ್ಯೋದ್ಯಾನ ಅದನ್ನು ನೋಡಿಕೊಂಡಿತು. ಆಮೇಲೆ ಒಂದು ತೋಟಗಾರಿಕೆ ಸೊಸೈಟಿ ನಡೆಸಿತು, 1842ರಲ್ಲಿ ಅದೂ ಮುಚ್ಚಿತು. ಕೊನೆಗೆ 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು.

1874ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ಜಾನ್ ಕ್ಯಾಮೆರಾನ್ ಬಂದರು. ಹೊರದೇಶದ ಗಿಡ ತರಿಸೋದು, ನಮ್ಮ ಮಣ್ಣಲ್ಲಿ ಬೆಳೆಸಿ ನೋಡೋದು, ಒಗ್ಗಿದ್ದನ್ನು ಜನರಿಗೆ ಹಂಚೋದು, ಇದೇ ಕೆಲಸ. ಮಧ್ಯ ಅಮೆರಿಕದ ಸೀಮೆಬದನೆಯನ್ನು ಇಲ್ಲಿಗೆ ತಂದವರು ಅವರೇ. ಅದು ಎಷ್ಟು ಒಗ್ಗಿತು ಅಂದ್ರೆ, ತೆಲುಗರು, ತಮಿಳರು ಅದನ್ನು 'ಬೆಂಗಳೂರು ಬದನೆ' ಅಂತಾನೇ ಕರೀತಾರೆ. ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೋದ್ರೆ ಇವತ್ತಿಗೂ ಸಿಗತ್ತೆ.

ಎಲ್ಲಾ ಗಿಡಕ್ಕೂ ಈ ಅದೃಷ್ಟ ಇಲ್ಲ. ಸೇಬಿನ ಹೆಚ್ಚಿನ ತಳಿಗಳಿಗೆ ಚಳಿಗಾಲದಲ್ಲಿ ನೂರಾರು ಗಂಟೆ 7 ಡಿಗ್ರಿಗಿಂತ ಕಡಿಮೆ ತಂಪು ಬೇಕು. ಅಷ್ಟು ಚಳಿ ಬೆಂಗಳೂರಲ್ಲಿ ಎಲ್ಲಿ? ಇಲ್ಲಿ ಸಪ್ಪಗಿರೋ ಸೇಬು ಹಿಮಾಚಲದಲ್ಲಿ ಮೈತುಂಬಾ ಕಾಯಿ ಬಿಡತ್ತೆ. ಗಿಡದಲ್ಲಿ ದೋಷ ಇಲ್ಲ, ಜಾಗ ಒಪ್ಪಲಿಲ್ಲ ಅಷ್ಟೇ.

ಕೆಲವಕ್ಕೆ ಬೇಕಿರೋದು ಬರೀ ಸಮಯ. ಹಲಸಿನ ತೋಪಿನಿಂದಲೇ ಹಲಸೂರಿಗೆ ಆ ಹೆಸರು ಬಂತು ಅಂತಾರೆ. ಬೀಜದಿಂದ ಬೆಳೆಸಿದ ಹಲಸು ಕಾಯಿ ಬಿಡೋಕೆ ಐದಾರು ವರ್ಷನಾದ್ರೂ ಬೇಕು. ಎರಡನೇ ವರ್ಷಕ್ಕೇ 'ದಂಡ' ಅಂತ ಕಡಿದಿದ್ರೆ ತೋಪೇ ಇರ್ತಿರಲಿಲ್ಲ.

ಇನ್ನು ಬಿಸಾಡೋ ಮುಂಚೆ ಬೆಳ್ಳಂದೂರು, ವರ್ತೂರು ಕೆರೆ ನೆನಪಿಸಿಕೊಳ್ಳಿ. ಕೆರೆ ಮುಚ್ಚುವ ವಾಟರ್ ಹಯಾಸಿಂತ್ ದಕ್ಷಿಣ ಅಮೆರಿಕದ ಗಿಡ. ನೇರಳೆ ಹೂವಿನ ಚೆಂದಕ್ಕೆ ಜನ ಕೊಳಗಳಲ್ಲಿ ಸಾಕಿದರು. ಹಾಗೆ ಲೋಕವೆಲ್ಲ ಹರಡಿತು. ನಮಗೆ ಬೇಡವಾದ ಗಿಡ ಕೆರೆಗೆ ಬಿದ್ದರೆ ಕೆರೆಯನ್ನೇ ನುಂಗಬಹುದು.

ಹಾಗಾಗಿ ನಮ್ಮ ಲೆಕ್ಕ ಹೀಗಿರಲಿ:
🌱 ಮೊದಲು ಬಿಸಿಲು ಇಲ್ಲವೇ ಕುಂಡ ಬದಲಿಸಿ, ಒಂದು ಪೂರ್ತಿ ಹಂಗಾಮು ಕಾಯಿರಿ.
🌱 ಆರೋಗ್ಯವಾಗಿದೆ, ಆದ್ರೂ ಹೂ ಇಲ್ವಾ? ಹೆಚ್ಚು ಬಿಸಿಲಿರೋ ಮನೆಗೆ ಕೊಡಿ.
🌱 ಹಿಟ್ಟು ತಿಗಣೆ, ಕೊಳೆ ರೋಗ ಇದ್ಯಾ? ಯಾರಿಗೂ ಕೊಡಬೇಡಿ. ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ.
🌱 ಕೆರೆ, ರಾಜಕಾಲುವೆ, ಖಾಲಿ ಸೈಟು ಮಾತ್ರ ಬೇಡವೇ ಬೇಡ.

ಕೊಡುವಾಗ ನಿಜಾನೂ ಹೇಳಿ ಕೊಡಿ: ಎಷ್ಟು ಬಿಸಿಲಲ್ಲಿತ್ತು, ಏನೇನು ಮಾಡಿ ನೋಡಿದ್ರಿ ಅಂತ. ತಗೊಳ್ಳೋರಿಗೆ ಅರ್ಧ ಕೆಲಸ ಉಳಿಯತ್ತೆ.

#ಕಂಟೋನ್ಮೆಂಟ್‌ಕಥೆ #ಹಲಸೂರು #ಕೈತೋಟ