ಕೈಸನ್ನೆ, ಕಣ್ಸನ್ನೆ

ಖಾನಾಪುರ ತಾಲೂಕಿನ ಬೀಡಿಯ ಬಸ್ ನಿಲ್ದಾಣದಲ್ಲಿ ಇಬ್ಬರು ಕಿವುಡ ಗೆಳೆಯರ ಹರಟೆಯನ್ನು ನೋಡುತ್ತ ನಿಂತು ನಾನೊಮ್ಮೆ ಬಸ್ಸು ತಪ್ಪಿಸಿಕೊಂಡೆ. ಒಬ್ಬನು ಕೈಯಿಂದ ಏನನ್ನೋ ಹೇಳಿ ಹುಬ್ಬೇರಿಸಿದ. ಇನ್ನೊಬ್ಬನು ತಲೆಯಲ್ಲಾಡಿಸಿ ನಕ್ಕ. ಅದಾದ ಕೆಲವು ದಿನಗಳಿಗೆ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ತಾನು ತಯಾರಿಸಿದ ಕೈಗವಸನ್ನು ತೋರಿಸಿದ. ಬೆರಳಿಗೊಂದು ಪಟ್ಟಿ; ಬೆರಳು ಬಾಗಿದಂತೆ ಅದರ ವಿದ್ಯುತ್ ರೋಧ ಬದಲಾಗುತ್ತದೆ; ಆ ಬದಲಾವಣೆಯನ್ನು ಯಂತ್ರ ಗುರುತಿಸಿ ಒಂದು ಶಬ್ದವನ್ನು ನುಡಿಯುತ್ತದೆ. “ಇನ್ನ ಮ್ಯಾಲ ಮೂಕರೂ ಮಾತಾಡತಾರ್ರಿ ಸರ್” ಎಂದ. ಬೀಡಿಯ ಗೆಳೆಯರು ಮಾತಾಡದೆ ಇದ್ದುದಾದರೂ ಯಾವಾಗ?

ಈ ಕೈಗವಸಿನ ವಂಶಾವಳಿ ವಿಚಿತ್ರವಾದುದು. 1876ರಲ್ಲಿ ಟೆಲಿಫೋನಿಗೆ ಪೇಟೆಂಟು ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ತಾಯಿಗೆ ಕಿವಿ ಮಂದ. ಹೆಂಡತಿಯಂತೂ ಬಾಲ್ಯದಿಂದಲೇ ಕಿವುಡಿ. ಆದರೂ ಕಿವುಡ ಮಕ್ಕಳಿಗೆ ಸನ್ನೆ ಬೇಡ, ತುಟಿ ನೋಡಿ ನುಡಿಯುವುದನ್ನೇ ಕಲಿಸಬೇಕು ಎಂಬ ಪಕ್ಷ ಅವನದು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕೂಡಿದ ಶಿಕ್ಷಕರ ಸಮ್ಮೇಳನವೂ ಹಾಗೆಯೇ ನಿರ್ಣಯಿಸಿತು. ಆಮೇಲೆ ಎಷ್ಟೋ ಶಾಲೆಗಳಲ್ಲಿ ಮಕ್ಕಳ ಸನ್ನೆಗೆ ನಿಷೇಧ ಬಿತ್ತು. ನೂರು ವರ್ಷ ಕಳೆದು, 1983ರಲ್ಲಿ, ಬೆರಳಕ್ಷರಗಳನ್ನು ಗುರುತಿಸುವ ಕೈಗವಸಿಗೆ ಗ್ಯಾರಿ ಗ್ರೈಮ್ಸ್ ಎಂಬಾತ ಪೇಟೆಂಟು ಪಡೆದ. ಆತ ದುಡಿಯುತ್ತಿದ್ದುದು ಎಲ್ಲಿ ಎನ್ನುವಿರಿ? ಬೆಲ್ಲನ ಹೆಸರಿನ ಪ್ರಯೋಗಶಾಲೆಯಲ್ಲಿ! 2016ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳ ಕೈಗವಸಿಗೆ 10,000 ಡಾಲರ್ ಬಹುಮಾನ ಬಂದಿತು. ಅದರ ಬೆನ್ನಿಗೇ ಕಿವುಡರಿಂದಲೂ ಭಾಷಾವಿಜ್ಞಾನಿಗಳಿಂದಲೂ ಆಕ್ಷೇಪಣೆ ಬಂದಿತು.

ಆಕ್ಷೇಪಣೆ ಸುಮ್ಮನೆ ಹುಟ್ಟಿದ್ದಲ್ಲ. ಸನ್ನೆಗೂ ತನ್ನದೇ ಕಟ್ಟುಪಾಡುಂಟೆಂದು ವಿಲಿಯಂ ಸ್ಟೋಕಿ 1960ರಲ್ಲಿಯೇ ತೋರಿಸಿದ್ದನು. ಹನ್ನೊಂದನೆಯ ವಯಸ್ಸಿನಲ್ಲಿ ಕಿವಿ ಕಳೆದುಕೊಂಡ ಮದನ್ ವಸಿಷ್ಠರು 1970ರ ದಶಕದಲ್ಲಿ ಜೇಮ್ಸ್ ವುಡ್‌ವರ್ಡರೊಡನೆ ದಿಲ್ಲಿ, ಕಲಕತ್ತೆ, ಮುಂಬಯಿಗಳ ಜತೆಗೆ ನಮ್ಮ ಬೆಂಗಳೂರಿನ ಸನ್ನೆಗಳನ್ನೂ ಹೋಲಿಸಿ ನೋಡಿದರು. ಶಬ್ದಗಳಲ್ಲಿ ಭೇದವಿದ್ದರೂ ಅವು ಒಂದಕ್ಕೊಂದು ಸಂಬಂಧವುಳ್ಳ ನುಡಿಗಳೆಂದು ಕಂಡುಬಂದಿತು. ಭಾರತೀಯ ಸನ್ನೆಭಾಷೆಯಲ್ಲಿ ‘ಏನು’, ‘ಎಲ್ಲಿ’ ಎಂಬ ಪ್ರಶ್ನಪದಗಳು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತವೆ. ಹೌದೋ ಅಲ್ಲವೋ ಎಂದು ಕೇಳಬೇಕಾದರೆ ಹುಬ್ಬೇ ಸಾಕು. ದಿಲ್ಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಸನ್ನೆಭಾಷಾ ಸಂಶೋಧನಾ ಕೇಂದ್ರದ ನಿಘಂಟು 2021ರ ಹೊತ್ತಿಗೆ 10,000 ಶಬ್ದಗಳಿಗೆ ಬೆಳೆಯಿತು.

ಕನ್ನಡದಲ್ಲಿ ಕೈಸನ್ನೆಯೂ ಉಂಟು, ಕಣ್ಸನ್ನೆಯೂ ಉಂಟು. ಕೈಗವಸಿಗೆ ಸಿಕ್ಕುವುದು ಮೊದಲನೆಯದು ಮಾತ್ರ; ಬೀಡಿಯಲ್ಲಿ ನಾನು ಕಂಡ ಆ ಹುಬ್ಬು ಅದರ ಲೆಕ್ಕಕ್ಕೇ ಬರಲಾರದು.

ವಿದ್ಯಾರ್ಥಿಯನ್ನು ಕೇಳಿದೆ: “ಕೇಳುವವನು ಕೊಟ್ಟ ಉತ್ತರವನ್ನು ಇದು ಕಿವುಡನಿಗೆ ಹೇಗೆ ಮುಟ್ಟಿಸುತ್ತದಪ್ಪಾ?”

“ಅದನ್ನ ಮಾಡಿಲ್ರೀ ಸರ್.”

“ಇದನ್ನು ಯಾರಾದರೂ ಕಿವುಡರು ತೊಟ್ಟು ನೋಡಿದ್ದಾರೆಯೆ?”

ಅವನು ಕೈಗವಸನ್ನು ಕಳಚಿ ಮೇಜಿನ ಮೇಲಿಟ್ಟ. “ಇನ್ನೂ ಇಲ್ರೀ” ಎಂದ.