ಪಟ್ಟು (ಮಟ್ಟಿ ಕುಸ್ತಿ)

ಪಟ್ಟು ಎಂಬುದು ಮಟ್ಟಿ ಕುಸ್ತಿಯಲ್ಲಿ ಎದುರಾಳಿಯ ಸಮತೋಲನ ಕೆಡಿಸಿ ಅವನನ್ನು ಚಿತ್ ಮಾಡಲು, ಅಂದರೆ ಬೆನ್ನು ನೆಲಕ್ಕೆ ತಾಗುವಂತೆ ಕೆಡವಲು, ಬಳಸುವ ಹಿಡಿತ ಅಥವಾ ಎಸೆತವಾಗಿದೆ. ಮೈಬಲಕ್ಕಿಂತ ಪಟ್ಟುಗಳ ನೈಪುಣ್ಯದಿಂದ ಹೆಸರಾದ ಪೈಲ್ವಾನರ ಪರಂಪರೆಯು ಕರ್ನಾಟಕದಲ್ಲಿಯೂ ಗಡಿಗೆ ಹೊಂದಿಕೊಂಡ ಕೊಲ್ಲಾಪುರ ಸೀಮೆಯಲ್ಲಿಯೂ ಬೆಳೆದುಬಂದಿದೆ. 'ಬಿಗಿಪಟ್ಟು', 'ಪಟ್ಟು ಸಡಿಲಿಸು' ಎಂಬ ದಿನಬಳಕೆಯ ಮಾತುಗಳಿಗೆ ಅಖಾಡದಲ್ಲಿ ನೇರವಾದ ಅರ್ಥವೇ ಇದೆ.

ಹಿನ್ನೆಲೆ

ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ 'ಮಲ್ಲವಿನೋದ' ಭಾಗದಲ್ಲಿ ಮಲ್ಲರ ದರ್ಜೆ, ಆಹಾರ ಹಾಗೂ ವ್ಯಾಯಾಮಗಳ ವಿವರವಿದೆ. ಮೈಸೂರು ಒಡೆಯರ ಆಶ್ರಯದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಪ್ರಸಿದ್ಧವಾಯಿತು. ಜಟ್ಟಿಯ ತಲೆಯಿಂದ ರಕ್ತ ಒಸರಿದೊಡನೆ ನಿಲ್ಲುವ ಈ ಕಾಳಗವು ಈಗ ಅರಮನೆಯ ವಿಜಯದಶಮಿಯ ವಿಧಿಯಾಗಿ ಉಳಿದಿದೆ. ಪಟ್ಟುಗಳ ನಿಜವಾದ ಪರೀಕ್ಷೆ ನಡೆಯುವುದು ದಸರಾ ನಾಡಕುಸ್ತಿಯಲ್ಲಿ ಮತ್ತು ಹಳ್ಳಿಯ ಜಾತ್ರೆಗಳ ಜಂಗಿ ಕುಸ್ತಿಗಳಲ್ಲಿ.

ಪಟ್ಟುಗಳು

ಎದುರಾಳಿಯ ತೋಳನ್ನು ಹೆಗಲ ಮೇಲೆಳೆದುಕೊಂಡು, ತಿರುಗಿ ಬಾಗಿ, ಅಗಸನು ಬಟ್ಟೆಯನ್ನು ಕಲ್ಲಿಗೆ ಒಗೆಯುವಂತೆ ನೆಲಕ್ಕೆ ಒಗೆಯುವುದು ಧೋಬಿ ಪಛಾಡ್. ಕಲಾಜಂಗ್‌ನಲ್ಲಿ ಪೈಲ್ವಾನನು ಎದುರಾಳಿಯ ಕೆಳಗೆ ನುಗ್ಗಿ, ತೊಡೆಯ ನಡುವೆ ಕೈ ಹಾಕಿ, ಅವನನ್ನು ಭುಜಗಳ ಮೇಲೆ ಅಡ್ಡಲಾಗಿ ಹೊತ್ತು ಉರುಳಿಸುತ್ತಾನೆ. ತಲೆ, ಕುತ್ತಿಗೆಯನ್ನು ಅಮುಕಿ ಹಿಡಿದು ಸೊಂಟದ ಮೇಲಿನಿಂದ ಎಸೆಯುವುದು ಢಾಕ್. ಕೆಳಗೆ ಬಿದ್ದವನ ಆಟ ಮುಗಿಯಿತೆಂದಲ್ಲ. ಬೋರಲಾಗಿ ನೆಲ ಕಚ್ಚಿದವನ ಚಡ್ಡಿಯನ್ನು ಸೊಂಟದ ಬಳಿ ಹಿಡಿದು, ಜಗ್ಗಿ, ಮಗುಚಿ ಹಾಕುವ ಘಿಸ್ಸಾ ಎಂಬ ಪಟ್ಟು ಅವನಿಗಾಗಿಯೇ ಇದೆ.

ಹೆಸರಾಂತ ಪೈಲ್ವಾನರು

ಬೆಳಗಾವಿ ಜಿಲ್ಲೆಯ ಯಕ್ಸಂಬಾ ಮೂಲದ ಶ್ರೀಪತಿ ಖಂಚನಾಳೆ ಕೊಲ್ಲಾಪುರದಲ್ಲಿ ತಾಲೀಮು ನಡೆಸಿ, 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾ ಸಿಂಗ್ ಅವರನ್ನು ಸೋಲಿಸಿ ಮೊದಲ 'ಹಿಂದ್ ಕೇಸರಿ' ಎನಿಸಿದರು. 2020ರ ಡಿಸೆಂಬರಿನಲ್ಲಿ ನಿಧನರಾದ ಅವರನ್ನು ಗಡಿಯ ಎರಡೂ ಬದಿಯವರು ತಮ್ಮವರೆಂದೇ ಹೇಳಿಕೊಳ್ಳುತ್ತಾರೆ. ಅದೇ ಕೊಲ್ಲಾಪುರದ ಮಣ್ಣಿನಲ್ಲಿ ಪಳಗಿದ, ಚಿಕ್ಕ ಮೈಕಟ್ಟಿನ ಖಾಶಾಬಾ ಜಾಧವ್ ಅವರ ಬಲ ಢಾಕ್ ಪಟ್ಟಿನಲ್ಲಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅವರು ಕಂಚಿನ ಪದಕ ಪಡೆದರು. ಪಟ್ಟಿನ ಕುಸ್ತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ವೃತ್ತಿಪರ ಕುಸ್ತಿಯ ಇತಿಹಾಸದಲ್ಲಿ ಗಾಮಾ ಪೈಲ್ವಾನರ ಎರಡು ಪಂದ್ಯಗಳು ನೆಲದ ಮಹತ್ವವನ್ನು ತೋರಿಸುತ್ತವೆ. 1910ರಲ್ಲಿ ಲಂಡನ್ನಿನ ಮ್ಯಾಟಿನ ಮೇಲೆ ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ ಎರಡೂವರೆ ಗಂಟೆ ಬಹುಪಾಲು ನೆಲಕ್ಕಂಟಿಕೊಂಡೇ ಪಂದ್ಯವನ್ನು ಸಮ ಮಾಡಿಕೊಂಡರು. 1928ರಲ್ಲಿ ಪಟಿಯಾಲಾದ ಮಣ್ಣಿನಲ್ಲಿ ಗಾಮಾ ಅವರನ್ನು ಒಂದು ನಿಮಿಷದೊಳಗೇ ಚಿತ್ ಮಾಡಿದರು. ಆ ವೇಳೆಗೆ ಇಬ್ಬರೂ ಐವತ್ತರ ಆಸುಪಾಸಿನಲ್ಲಿದ್ದರು. ಮುಂದೆ ಜಪಾನಿನಲ್ಲಿ ಕುಸ್ತಿ ಕಲಿಸಿದ ಕಾರ್ಲ್ ಗಾಚ್ ನಮ್ಮ ದಂಡ, ಬಸ್ಕಿಗಳನ್ನು ತಮ್ಮ ತರಬೇತಿಯ ಭಾಗವಾಗಿಸಿಕೊಂಡರು.

ಮಣ್ಣಿನಿಂದ ಮ್ಯಾಟಿಗೆ

ಸಾಂಪ್ರದಾಯಿಕ ಜಂಗಿ ಕುಸ್ತಿಯಲ್ಲಿ ಚಿತ್ ಆಗುವವರೆಗೂ ಸೆಣಸಾಟ ನಡೆಯುತ್ತದೆ, ಅಂಕಗಳ ಲೆಕ್ಕವಿಲ್ಲ. ಅಂತರರಾಷ್ಟ್ರೀಯ ಫ್ರೀಸ್ಟೈಲ್ ಪಂದ್ಯವಾದರೋ ತಲಾ 3 ನಿಮಿಷಗಳ ಎರಡು ಸುತ್ತುಗಳಲ್ಲಿ ಮುಗಿಯುತ್ತದೆ. ಗಂಟೆಗಟ್ಟಲೆ ಎದುರಾಳಿಯನ್ನು ದಣಿಸಿ ಒಂದೇ ಪಟ್ಟಿಗಾಗಿ ಕಾಯುವ ಜಾಣ್ಮೆಗೆ ಅಲ್ಲಿ ಎಡೆಯಿಲ್ಲ. ಉಡುಪನ್ನು ಹಿಡಿದೆಳೆಯುವುದು ನಿಯಮಬಾಹಿರವಾದ್ದರಿಂದ ಚಡ್ಡಿ ಹಿಡಿದು ಹಾಕುವ ಘಿಸ್ಸಾ ಮ್ಯಾಟಿನ ಮೇಲೆ ನಡೆಯದು. ಗ್ರೀಕೋ-ರೋಮನ್ ಶೈಲಿಯಲ್ಲಿ ಸೊಂಟದ ಕೆಳಗೆ ಕೈ ಹಾಕುವಂತೆಯೇ ಇಲ್ಲ. ಹೀಗಾಗಿ ಕಲಾಜಂಗ್ ಸಹ ಹೊರಗುಳಿಯುತ್ತದೆ. ಢಾಕ್ ಮಾತ್ರ ಎಲ್ಲೆಡೆ ಸಲ್ಲುತ್ತದೆ. ಕ್ರೀಡಾ ವಸತಿ ನಿಲಯಗಳನ್ನು ಸೇರುವ ಹುಡುಗರು ಮ್ಯಾಟಿನ ಮೇಲೆಯೇ ಕಲಿಯುವುದರಿಂದ, ಗರಡಿಯೊಂದು ಮುಚ್ಚಿದಾಗ ಅಲ್ಲಿನ ಉಸ್ತಾದರ ಕೈಯಲ್ಲಷ್ಟೇ ಉಳಿದಿದ್ದ ಕೆಲವು ಪಟ್ಟುಗಳೂ ಮರೆಯಾಗುತ್ತವೆ.

ಹೊಸ ನಿಯಮಗಳಲ್ಲಿ ಪಳಗಿದವರ ಪೈಕಿ ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ ಎದ್ದು ಕಾಣುತ್ತಾರೆ. 2020ರಲ್ಲಿ ನವದೆಹಲಿಯ ಏಷ್ಯನ್ ಚಾಂಪಿಯನ್‌ಶಿಪ್‌ನ ಗ್ರೀಕೋ-ರೋಮನ್ 55 ಕೆ.ಜಿ. ವಿಭಾಗದ ಸೆಮಿಫೈನಲ್‌ನಲ್ಲಿ ಇರಾನಿನ ಕುಸ್ತಿಪಟುವಿನೆದುರು 7–1ರಿಂದ ಮುಂದಿದ್ದರು. 8 ಅಂಕಗಳ ಅಂತರ ದೊರೆತರೆ ಪಂದ್ಯ ಅಲ್ಲಿಗೇ ಮುಗಿಯುವ ಈ ಶೈಲಿಯಲ್ಲಿ ಗೆಲುವು ಕೈಯಳತೆಯಲ್ಲಿತ್ತು. ಆದರೆ 7–8ರಿಂದ ಸೋತರು. ಬಳಿಕ ದಕ್ಷಿಣ ಕೊರಿಯಾದ ಎದುರಾಳಿಯನ್ನು 7–4ರಿಂದ ಮಣಿಸಿ ಕಂಚು ಪಡೆದರು.